ಸಿಡಿಲಿನ ದಾರಿ ಹುಡುಕಿದ ಚಾರ್ಲ್ಸ್ ಸ್ಟೈನ್‌ಮೆಟ್ಜ್

ಗುಡುಗು ಶುರುವಾದರೆ ಪ್ರತಿ ಮನೆಯಲ್ಲೂ ದೊಡ್ಡವರು ಮೊದಲು ಟಿ.ವಿ. ಪ್ಲಗ್ ತೆಗೆಯಲು ಹೇಳುತ್ತಾರೆ. ಅಷ್ಟರಲ್ಲಿ ಕರೆಂಟೇ ಹೋಗಿರುತ್ತದೆ. ಮಳೆ ನಿಂತ ಮೇಲೆ ಬಹಳ ಸಲ ಕರೆಂಟು ಮತ್ತೆ ಬರುತ್ತದೆ. ಅದು ಮತ್ತೆ ಬರುವುದರಲ್ಲಿ ಏನು ವಿಶೇಷ ಎಂದು ನಾವು ಯೋಚಿಸುವುದಿಲ್ಲ. ಆದರೆ ನೂರು ವರ್ಷಗಳ ಹಿಂದೆ ಒಂದು ಸಿಡಿಲು ತಂತಿಗೆ ಬಡಿದರೆ ಇನ್ಸುಲೇಟರ್‌ಗಳು ಒಡೆದು, ಟ್ರಾನ್ಸ್‌ಫಾರ್ಮರ್ ಸುಟ್ಟು, ಇಡೀ ಊರು ಕತ್ತಲಾಗುತ್ತಿತ್ತು. ಸಿಡಿಲು ಎಲ್ಲಿಂದ ಬರುತ್ತದೆ, ತಂತಿಯಲ್ಲಿ ಹೇಗೆ ಓಡುತ್ತದೆ, ಎಲ್ಲಿ ತಡೆಯಬೇಕು ಎಂಬುದು ಇಂಜಿನಿಯರುಗಳಿಗೆ ಸರಿಯಾಗಿ ತಿಳಿದಿರಲಿಲ್ಲ. ಅದನ್ನು ತಿಳಿಯಲು ಪ್ರಯೋಗಾಲಯದೊಳಗೇ ಸಿಡಿಲನ್ನು ಮಾಡಿ ತೋರಿಸಿದವರು ಚಾರ್ಲ್ಸ್ ಪ್ರೋಟಿಯಸ್ ಸ್ಟೈನ್‌ಮೆಟ್ಜ್. ಅವರ ಎತ್ತರ ಸುಮಾರು ನಾಲ್ಕು ಅಡಿ. ಅಮೆರಿಕದ ಪತ್ರಿಕೆಗಳು ಅವರನ್ನು ಮಿಂಚನ್ನು ಕೈಯಲ್ಲಿ ಹಿಡಿದ ದೇವತೆಯಂತೆ ಬಣ್ಣಿಸಿದವು. ಆದರೆ ಅದೇ ಅಮೆರಿಕದ ಬಾಗಿಲಲ್ಲಿ ಒಂದು ದಿನ ಅವರನ್ನು ವಾಪಸ್ ಕಳಿಸುವ ಮಾತು ನಡೆದಿತ್ತು.

ಬಾಲ್ಯ ಮತ್ತು ಓದು

ಸ್ಟೈನ್‌ಮೆಟ್ಜ್ ಹುಟ್ಟಿದ್ದು 1865ರ ಏಪ್ರಿಲ್ 9ರಂದು, ಬ್ರೆಸ್ಲಾವ್ ಎಂಬ ಊರಿನಲ್ಲಿ. ಆಗ ಅದು ಪ್ರಷ್ಯಾ ರಾಜ್ಯಕ್ಕೆ ಸೇರಿತ್ತು. ಈಗ ಅದು ಪೋಲೆಂಡ್ ದೇಶದಲ್ಲಿದೆ, ಹೆಸರೂ ಬದಲಾಗಿದೆ. ತಂದೆ ತಾಯಿ ಇಟ್ಟ ಹೆಸರು ಕಾರ್ಲ್ ಆಗಸ್ಟ್ ರುಡಾಲ್ಫ್. ತಂದೆ ರೈಲ್ವೆ ಕಚೇರಿಯಲ್ಲಿ ಕಲ್ಲಚ್ಚಿನ ಕೆಲಸ ಮಾಡುತ್ತಿದ್ದರು. ಮಗುವಿಗೆ ಒಂದು ವರ್ಷ ಆಗುವ ಹೊತ್ತಿಗೆ ತಾಯಿ ತೀರಿಕೊಂಡರು. ಸಾಕಿ ಬೆಳೆಸಿದವರು ಅಜ್ಜಿ.

ಮಗು ಹುಟ್ಟುವಾಗಲೇ ಬೆನ್ನು ಬಾಗಿತ್ತು, ಸೊಂಟದ ಕೀಲು ಸರಿ ಇರಲಿಲ್ಲ. ಇದು ಆ ಮನೆಗೆ ಹೊಸದಲ್ಲ. ತಂದೆಗೂ ಗೂನು ಇತ್ತು, ತಾತನಿಗೂ ಇತ್ತು. ಹುಡುಗ ಬೆಳೆದ ಹಾಗೆ ದೇಹ ಬೆಳೆಯಲಿಲ್ಲ, ಬುದ್ಧಿ ಬೆಳೆಯಿತು. ಶಾಲೆಯಲ್ಲಿ ಗಣಿತ ಅವರಿಗೆ ಆಟದಂತಾಯಿತು. 1883ರಲ್ಲಿ ಬ್ರೆಸ್ಲಾವ್ ವಿಶ್ವವಿದ್ಯಾಲಯ ಸೇರಿ ಗಣಿತ, ಭೌತಶಾಸ್ತ್ರ ಓದಿದರು. ಅಲ್ಲಿಯ ಗೆಳೆಯರು ಇಟ್ಟ ಅಡ್ಡಹೆಸರೇ ಪ್ರೋಟಿಯಸ್. ಗ್ರೀಕರ ಕಥೆಗಳಲ್ಲಿ ಬರುವ ಪ್ರೋಟಿಯಸ್ ಸಮುದ್ರದ ಮುದುಕ. ಅವನಿಗೆ ಎಲ್ಲ ರಹಸ್ಯಗಳೂ ಗೊತ್ತು. ಆದರೆ ಹಿಡಿಯಲು ಹೋದರೆ ರೂಪ ಬದಲಿಸಿ ತಪ್ಪಿಸಿಕೊಳ್ಳುತ್ತಾನೆ, ಬಿಡದೆ ಹಿಡಿದುಕೊಂಡವರಿಗೆ ಮಾತ್ರ ನಿಜ ಹೇಳುತ್ತಾನೆ.

ಕಾಲೇಜಿನಲ್ಲಿ ಸ್ಟೈನ್‌ಮೆಟ್ಜ್ ಸಮಾಜವಾದಿ ವಿದ್ಯಾರ್ಥಿಗಳ ಗುಂಪು ಸೇರಿದರು. ಬಿಸ್ಮಾರ್ಕ್ ಆಡಳಿತ ಸಮಾಜವಾದಿಗಳ ಸಭೆಗಳಿಗೆ, ಪತ್ರಿಕೆಗಳಿಗೆ ನಿಷೇಧ ಹಾಕಿದ್ದ ಕಾಲ ಅದು. ಗುಂಪಿನವರು ಒಬ್ಬೊಬ್ಬರಾಗಿ ಜೈಲಿಗೆ ಹೋದಾಗ ಪತ್ರಿಕೆಯ ಕೆಲಸ ಇವರ ತಲೆಗೆ ಬಂತು. ಪೊಲೀಸರ ಕಣ್ಣೂ ಇವರ ಮೇಲೆ ಬಿತ್ತು. 1888ರಲ್ಲಿ, ಡಾಕ್ಟರೇಟ್ ಇನ್ನೇನು ಕೈಗೆ ಬರಬೇಕು ಎನ್ನುವಾಗ, ಅವರು ಊರು ಬಿಟ್ಟು ಓಡಬೇಕಾಯಿತು. ಆ ಪದವಿ ಅಲ್ಲಿಯೇ ಉಳಿಯಿತು, ತಂದೆಯೂ ಅಲ್ಲಿಯೇ ಉಳಿದರು. ಇವರು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಸೇರಿ ಅಲ್ಲಿ ಸ್ವಲ್ಪ ಕಾಲ ಓದಿದರು.

ಬಾಗಿಲಲ್ಲಿ ನಿಂತ ದಿನ

1889ರಲ್ಲಿ ಆಸ್ಕರ್ ಆಸ್ಮುಸೆನ್ ಎಂಬ ಗೆಳೆಯನ ಜೊತೆ ಹಡಗಿನ ಕೆಳದರ್ಜೆಯಲ್ಲಿ ಕುಳಿತು ನ್ಯೂಯಾರ್ಕ್‌ಗೆ ಬಂದರು. ಅವರ ಹತ್ತಿರ ದುಡ್ಡಿರಲಿಲ್ಲ, ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. ಬಂದರಿನ ಅಧಿಕಾರಿಗಳು ಬಾಗಿದ ಬೆನ್ನನ್ನೂ ಕುಳ್ಳು ದೇಹವನ್ನೂ ನೋಡಿ, ಇವನು ದುಡಿದು ತಿನ್ನುವವನಲ್ಲ, ದೇಶಕ್ಕೆ ಭಾರ ಆಗುತ್ತಾನೆ ಎಂದು ಲೆಕ್ಕ ಹಾಕಿದರು. ಗೆಳೆಯ ಮುಂದೆ ಬಂದು, ಇವನ ಜವಾಬ್ದಾರಿ ನನ್ನದು ಎಂದು ಒಪ್ಪಿಕೊಂಡ ಮೇಲೆಯೇ ಒಳಗೆ ಬಿಟ್ಟರು. ನಮ್ಮ ವಾಣಿಜ್ಯದ ಭಾಷೆಯಲ್ಲಿ ಹೇಳಬೇಕಾದರೆ, ಆ ಅಧಿಕಾರಿಗಳು ಒಂದು ದೊಡ್ಡ ಆಸ್ತಿಯನ್ನು ಸಾಲದ ಕಡೆ ಬರೆಯಲು ಹೊರಟಿದ್ದರು.

ಹೊಸ ದೇಶದಲ್ಲಿ ಕಾರ್ಲ್ ಚಾರ್ಲ್ಸ್ ಆದರು. ನಡುವಿನ ಹೆಸರು ಬರೆಯಬೇಕಾದಾಗ ಗೆಳೆಯರು ಇಟ್ಟ ಪ್ರೋಟಿಯಸ್ ಎಂಬ ಹೆಸರನ್ನೇ ಬರೆದುಕೊಂಡರು.

ಕೆಲಸ ಸಿಕ್ಕಿದ್ದು ನ್ಯೂಯಾರ್ಕ್ ಹತ್ತಿರದ ಯಾಂಕರ್ಸ್‌ನಲ್ಲಿ, ರುಡಾಲ್ಫ್ ಐಕೆಮೈಯರ್ ಅವರ ಕಾರ್ಖಾನೆಯಲ್ಲಿ. ಐಕೆಮೈಯರ್ ಕೂಡ ಮೊದಲು ಜರ್ಮನಿಯಿಂದ ತಪ್ಪಿಸಿಕೊಂಡು ಬಂದವರೇ. ಟೋಪಿ ಮಾಡುವ ಯಂತ್ರಗಳಿಂದ ಶುರು ಮಾಡಿ ವಿದ್ಯುತ್ ಮೋಟಾರ್‌ಗಳ ತನಕ ಅವರ ಕೆಲಸ ಬೆಳೆದಿತ್ತು. ಸ್ಟೈನ್‌ಮೆಟ್ಜ್ ಅಲ್ಲಿ ನಕ್ಷೆ ಬಿಡಿಸುವ ಕೆಲಸಕ್ಕೆ ಸೇರಿದರು. ಸಂಬಳ ವಾರಕ್ಕೆ 12 ಡಾಲರ್.

ಆಗ ಮೋಟಾರ್ ಮಾಡುವವರಿಗೆ ಒಂದು ತಲೆನೋವು ಇತ್ತು. ಎ.ಸಿ. ವಿದ್ಯುತ್ ಸೆಕೆಂಡಿಗೆ ಎಷ್ಟೋ ಸಲ ದಿಕ್ಕು ಬದಲಿಸುತ್ತದೆ. ಅದರ ಜೊತೆ ಯಂತ್ರದೊಳಗಿನ ಕಬ್ಬಿಣದ ಕಾಂತಶಕ್ತಿಯೂ ಹಿಂದೆ ಮುಂದೆ ತಿರುಗಬೇಕು. ಹಾಗೆ ತಿರುಗುವಾಗ ಪ್ರತಿ ಸಲವೂ ಸ್ವಲ್ಪ ಶಕ್ತಿ ಬಿಸಿಯಾಗಿ ಹಾಳಾಗುತ್ತದೆ. ಇದಕ್ಕೆ ಹಿಸ್ಟರೆಸಿಸ್ ನಷ್ಟ ಎನ್ನುತ್ತಾರೆ. ಎಷ್ಟು ನಷ್ಟ ಆಗುತ್ತದೆ ಎಂದು ತಿಳಿಯಲು ಮೊದಲು ಯಂತ್ರ ಕಟ್ಟಬೇಕಿತ್ತು, ಓಡಿಸಿ ನೋಡಬೇಕಿತ್ತು, ಸರಿ ಬರದಿದ್ದರೆ ಬಿಚ್ಚಬೇಕಿತ್ತು. ಸ್ಟೈನ್‌ಮೆಟ್ಜ್ ಬೇರೆ ಬೇರೆ ಕಬ್ಬಿಣಗಳನ್ನು ಅಳೆದು, ಆ ನಷ್ಟಕ್ಕೆ ಒಂದು ಗಣಿತದ ಸೂತ್ರ ಕೊಟ್ಟರು. 1892ರಲ್ಲಿ ಅಮೆರಿಕದ ವಿದ್ಯುತ್ ಇಂಜಿನಿಯರುಗಳ ಸಂಸ್ಥೆಯ ಮುಂದೆ ಅದನ್ನು ಓದಿದರು. ಅಂದಿನಿಂದ ಯಂತ್ರ ಕಟ್ಟುವ ಮೊದಲೇ ಕಾಗದದ ಮೇಲೆ ನಷ್ಟದ ಅಂದಾಜು ಸಿಗುವಂತಾಯಿತು. ಆಗ ಅವರಿಗೆ 26 ವರ್ಷ. ಅಮೆರಿಕಕ್ಕೆ ಬಂದು ಮೂರು ವರ್ಷವೂ ಆಗಿರಲಿಲ್ಲ.

ಸ್ಕೆನೆಕ್ಟಡಿಯ ಮೇಧಾವಿ

ಆಗ ತಾನೇ ಹುಟ್ಟಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿ ಐಕೆಮೈಯರ್ ಅವರ ಕಾರ್ಖಾನೆಯನ್ನು ಕೊಂಡುಕೊಂಡಿತು. ಅದರೊಂದಿಗೆ ಸ್ಟೈನ್‌ಮೆಟ್ಜ್ ಕೂಡ ಆ ಕಂಪನಿಗೆ ಬಂದರು. 1894ರಿಂದ ಸಾಯುವ ತನಕ ಅವರ ಊರು ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ.

1893ರಲ್ಲಿ ಶಿಕಾಗೋದಲ್ಲಿ ನಡೆದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನದಲ್ಲಿ ಅವರು ಇನ್ನೊಂದು ದೊಡ್ಡ ಕೆಲಸ ಮಾಡಿದರು. ಎ.ಸಿ. ವಿದ್ಯುತ್ತಿನ ಲೆಕ್ಕ ಬಹಳ ಕಷ್ಟದ್ದು, ಏಕೆಂದರೆ ಅದು ಪ್ರತಿ ಕ್ಷಣವೂ ಬದಲಾಗುತ್ತದೆ. ಗಣಿತದಲ್ಲಿ ಮೈನಸ್ ಒಂದರ ವರ್ಗಮೂಲ ಎಂದು ಒಂದು ಕಾಲ್ಪನಿಕ ಸಂಖ್ಯೆ ಬರುತ್ತದಲ್ಲ, ಅದನ್ನು ಬಳಸಿದರೆ ಈ ಲೆಕ್ಕ ಸಾಮಾನ್ಯ ಬೀಜಗಣಿತದಷ್ಟು ಸುಲಭ ಆಗುತ್ತದೆ ಎಂದು ತೋರಿಸಿದರು. ಇವತ್ತಿಗೂ ಇಂಜಿನಿಯರಿಂಗ್ ಓದುವವರು ಎ.ಸಿ. ಸರ್ಕ್ಯೂಟುಗಳ ಲೆಕ್ಕವನ್ನು ಇದೇ ಕ್ರಮದಲ್ಲಿ ಮಾಡುತ್ತಾರೆ.

ನಮ್ಮ ರಾಜ್ಯಕ್ಕೂ ಸ್ಕೆನೆಕ್ಟಡಿಗೂ ಒಂದು ನಂಟು ಇದೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ತಯಾರಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯಲ್ಲಿ ಕಳಿಸಿದರು. ಆ ವಿದ್ಯುತ್ ಯಂತ್ರಗಳನ್ನು ಒದಗಿಸಿದ್ದು ಇದೇ ಜನರಲ್ ಎಲೆಕ್ಟ್ರಿಕ್ ಕಂಪನಿ. ಅಷ್ಟು ದೂರದ ತಂತಿ ಆಗ ಏಷ್ಯಾದಲ್ಲಿ ಬೇರೆ ಎಲ್ಲಿಯೂ ಇರಲಿಲ್ಲ. ತಂತಿ ಉದ್ದವಾದಷ್ಟೂ ಸಿಡಿಲಿಗೆ ಸಿಗುವ ಜಾಗ ಹೆಚ್ಚು ಎಂಬುದನ್ನು ನೆನಪಿಡಿ.

ಅದೇ 1902ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಅವರಿಗೆ ಗೌರವ ಪದವಿ ಕೊಟ್ಟಿತು. ಸ್ಕೆನೆಕ್ಟಡಿಯ ಯೂನಿಯನ್ ಕಾಲೇಜಿನಲ್ಲಿ ಅವರು ಪ್ರಾಧ್ಯಾಪಕರೂ ಆದರು. ಕಂಪನಿಯ ಕೆಲಸದ ಜೊತೆಗೆ ಪಾಠ ಮಾಡುವುದನ್ನೂ ನಡೆಸಿದರು. ಒಟ್ಟು ಸುಮಾರು 200 ಪೇಟೆಂಟ್‌ಗಳು ಅವರ ಹೆಸರಿನಲ್ಲಿವೆ.

ಅವರ ಬಗ್ಗೆ ಜನ ಹೇಳಿಕೊಂಡು ಬಂದ ಒಂದು ಕಥೆ ಇದೆ. ಹೆನ್ರಿ ಫೋರ್ಡ್ ಅವರ ಕಾರ್ಖಾನೆಯಲ್ಲಿ ಒಂದು ದೊಡ್ಡ ಜನರೇಟರ್ ಕೆಟ್ಟಿತಂತೆ. ಯಾರಿಂದಲೂ ಸರಿ ಆಗಲಿಲ್ಲ. ಸ್ಟೈನ್‌ಮೆಟ್ಜ್ ಬಂದು ಎರಡು ದಿನ ಅದರ ಸದ್ದು ಕೇಳುತ್ತಾ, ಕಾಗದದ ಮೇಲೆ ಲೆಕ್ಕ ಹಾಕುತ್ತಾ ಕುಳಿತರು. ಕೊನೆಗೆ ಏಣಿ ಹತ್ತಿ ಸೀಮೆಸುಣ್ಣದಿಂದ ಒಂದು ಗುರುತು ಹಾಕಿ, ಅಲ್ಲಿ ಬಿಚ್ಚಿ ಕೆಲವು ಸುತ್ತು ತಂತಿ ತೆಗೆಯಲು ಹೇಳಿದರು. ಯಂತ್ರ ಸರಿ ಹೋಯಿತು. ಆಮೇಲೆ ಬಂದ ಬಿಲ್ಲು 10,000 ಡಾಲರ್. ಫೋರ್ಡ್ ವಿವರ ಕೇಳಿದರಂತೆ. ವಿವರದಲ್ಲಿ ಎರಡೇ ಸಾಲು ಇತ್ತು. ಗುರುತು ಹಾಕಿದ್ದಕ್ಕೆ 1 ಡಾಲರ್, ಎಲ್ಲಿ ಹಾಕಬೇಕು ಎಂದು ತಿಳಿದಿದ್ದಕ್ಕೆ 9,999 ಡಾಲರ್. ಇದು ಬಾಯಿಂದ ಬಾಯಿಗೆ ಬಂದ ಕಥೆ, ಲೆಕ್ಕಪತ್ರದ ದಾಖಲೆ ಅಲ್ಲ. ಆದರೂ ನಮ್ಮ ವಾಣಿಜ್ಯ ವಿಭಾಗದವರು ಇದನ್ನು ನೆನಪಿಟ್ಟುಕೊಳ್ಳಬೇಕು. ಅವರ ಸಿಡಿಲಿನ ಕೆಲಸವೂ ಇದೇ ಪ್ರಶ್ನೆಯ ಮೇಲೆಯೇ ನಿಂತಿದೆ. ಎಲ್ಲಿ ಎಂಬುದೇ ಆ ಪ್ರಶ್ನೆ.

ಮನೆ ಮತ್ತು ಊರು

ಸ್ಟೈನ್‌ಮೆಟ್ಜ್ ಮದುವೆ ಆಗಲಿಲ್ಲ. ತಾತ, ತಂದೆ, ತಾನು, ಮೂರು ತಲೆಮಾರಿಗೆ ಬಂದ ಈ ನೋವು ನಾಲ್ಕನೆಯ ತಲೆಮಾರಿಗೆ ಹೋಗಬಾರದು ಎಂದು ಅವರು ನಿರ್ಧರಿಸಿದ್ದರು. ಆದರೆ ಅವರಿಗೆ ಮಕ್ಕಳೆಂದರೆ ತುಂಬಾ ಇಷ್ಟ. ಅವರ ಪ್ರಯೋಗಾಲಯದಲ್ಲಿ ಜೋಸೆಫ್ ಹೇಡನ್ ಎಂಬ ಯುವಕ ಸಹಾಯಕನಾಗಿದ್ದ. ಹೇಡನ್ ಮದುವೆ ಆದ ಮೇಲೆ ಗಂಡ ಹೆಂಡತಿ ಇಬ್ಬರನ್ನೂ ತಮ್ಮ ದೊಡ್ಡ ಮನೆಗೆ ಕರೆದರು. ಮುಂದೆ ಹೇಡನ್‌ನನ್ನು ಕಾನೂನಿನ ಪ್ರಕಾರ ಮಗನಾಗಿ ದತ್ತು ತೆಗೆದುಕೊಂಡರು. ಮೂರು ಮೊಮ್ಮಕ್ಕಳು ಆ ಮನೆಯಲ್ಲಿ ಬೆಳೆದರು. ಅವರಿಗೆ ಕಥೆ ಹೇಳುವುದು, ಪ್ರಯೋಗ ಮಾಡಿ ಬಣ್ಣದ ಬೆಂಕಿ ತೋರಿಸುವುದು ತಾತನ ಕೆಲಸ. ಅದೇ ಮನೆಯಲ್ಲಿ ಪಾಪಾಸುಕಳ್ಳಿಗಳ ಗಾಜಿನ ಮನೆ ಇತ್ತು, ಸಾಕಿದ ಮೊಸಳೆಗಳೂ ಇದ್ದವು.

ಊರಿನ ಜನರಿಗೂ ಅವರು ಬೇಕಾದವರಾಗಿದ್ದರು. 1912ರಲ್ಲಿ ಸ್ಕೆನೆಕ್ಟಡಿಯ ಶಿಕ್ಷಣ ಮಂಡಳಿಯ ಅಧ್ಯಕ್ಷರಾದರು, ಮುಂದೆ ನಗರಸಭೆಯ ಅಧ್ಯಕ್ಷರೂ ಆದರು. ಬೇರೆ ದೇಶಗಳಿಂದ ಬಂದ ಕೂಲಿಕಾರರ ಮಕ್ಕಳಿಗಾಗಿ ಶಾಲೆಗಳಲ್ಲಿ ವಿಶೇಷ ತರಗತಿಗಳನ್ನು ಮಾಡಿಸಿದರು. ಶಾಲೆಯ ಭಾಷೆ ಮನೆಯ ಭಾಷೆ ಅಲ್ಲದ ಮಕ್ಕಳ ಕಷ್ಟ ಏನೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಭಾಷೆ ಬಾರದೆ ಬಂದರಿನಲ್ಲಿ ನಿಂತವರು ಅವರೇ.

ಒಡೆದ ಕನ್ನಡಿ

ಮನೆಯಲ್ಲಿ ಉರ್ದು ಮಾತನಾಡುವ ನಮಗೆ ಕರೆಂಟಿಗೂ ಬಿಜ್ಲಿ, ಆಕಾಶದ ಮಿಂಚಿಗೂ ಬಿಜ್ಲಿ. ಕನ್ನಡದಲ್ಲಿಯೂ ವಿದ್ಯುತ್ ಎಂಬ ಮಾತಿಗೆ ಮೊದಲ ಅರ್ಥ ಮಿಂಚು ಎಂದೇ. ಭಾಷೆ ಎರಡನ್ನೂ ಒಂದೇ ಎಂದು ಸುಲಭವಾಗಿ ಹೇಳಿಬಿಡುತ್ತದೆ. ಆದರೆ ತಂತಿಯಲ್ಲಿ ಹಿಡಿತದಲ್ಲಿ ಹರಿಯುವ ಬಿಜ್ಲಿಯ ಮೇಲೆ ಆಕಾಶದ ಬಿಜ್ಲಿ ಬಂದು ಬಿದ್ದರೆ ಏನಾಗುತ್ತದೆ? ಇದೇ ಸ್ಟೈನ್‌ಮೆಟ್ಜ್ ಅವರ ಕೊನೆಯ ವರ್ಷಗಳ ಪ್ರಶ್ನೆ.

ಕೆರೆಗೆ ಕಲ್ಲು ಎಸೆದರೆ ಅಲೆ ಏಳುವ ಹಾಗೆ, ಸಿಡಿಲು ಬಡಿದಾಗ ತಂತಿಯಲ್ಲಿ ವೋಲ್ಟೇಜಿನ ಒಂದು ಅಲೆ ಎದ್ದು ಎರಡೂ ಕಡೆಗೆ ಓಡುತ್ತದೆ. ಅದರ ವೇಗ ಬೆಳಕಿನ ವೇಗಕ್ಕೆ ಹತ್ತಿರ. ದಾರಿಯಲ್ಲಿ ಎಲ್ಲಿ ದುರ್ಬಲ ಜಾಗ ಸಿಗುತ್ತದೋ ಅಲ್ಲಿ ಒಡೆದು ನೆಲಕ್ಕೆ ನುಗ್ಗುತ್ತದೆ. ಇಂಥ ಕ್ಷಣಿಕ ಅಲೆಗಳ ಗಣಿತವನ್ನು ಅವರು 1909ರಲ್ಲಿಯೇ ಒಂದು ದೊಡ್ಡ ಪುಸ್ತಕವಾಗಿ ಬರೆದಿದ್ದರು. ಆದರೆ ನಿಜವಾದ ಸಿಡಿಲನ್ನು ಹತ್ತಿರದಿಂದ ನೋಡುವುದು ಹೇಗೆ? ಅದು ಯಾವಾಗ ಬರುತ್ತದೆ, ಎಲ್ಲಿ ಬೀಳುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಬಂದರೂ ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ.

ಮೊಹಾಕ್ ನದಿಗೆ ಸೇರುವ ಒಂದು ತೊರೆಯ ದಂಡೆಯಲ್ಲಿ ಅವರ ಒಂದು ಮರದ ಮನೆ ಇತ್ತು. ಬೇಸಿಗೆಯಲ್ಲಿ ಅಲ್ಲಿಗೆ ಹೋಗಿ, ದೋಣಿಗೆ ಅಡ್ಡಲಾಗಿ ಹಲಗೆ ಇಟ್ಟುಕೊಂಡು ನೀರಿನ ಮೇಲೆಯೇ ಲೆಕ್ಕ ಮಾಡುತ್ತಾ ಕೂರುತ್ತಿದ್ದರು. 1920ರ ದಶಕದ ಆರಂಭದಲ್ಲಿ ಆ ಮನೆಗೇ ಸಿಡಿಲು ಬಡಿಯಿತು. ಕೆಲಸದ ಮೇಜು ಸೀಳಿತು, ಒಂದು ಕನ್ನಡಿ ಚೂರು ಚೂರಾಯಿತು.

ಬೇರೆಯವರಾಗಿದ್ದರೆ ಗಾಜಿನ ಚೂರು ಗುಡಿಸಿ ಎಸೆದು, ಜೀವ ಉಳಿಯಿತಲ್ಲ ಎಂದು ಸುಮ್ಮನಾಗುತ್ತಿದ್ದರು. ಸ್ಟೈನ್‌ಮೆಟ್ಜ್ ಪ್ರತಿ ಚೂರನ್ನೂ ಆರಿಸಿದರು. ಒಂದರ ಪಕ್ಕ ಒಂದಿಟ್ಟು ಇಡೀ ಕನ್ನಡಿಯನ್ನು ಮತ್ತೆ ಜೋಡಿಸಿ, ಎರಡು ಗಾಜಿನ ಹಲಗೆಗಳ ನಡುವೆ ಭದ್ರ ಮಾಡಿದರು. ಆಗ ಸಿಡಿಲು ಬಿಟ್ಟುಹೋದ ಗುರುತುಗಳು ಒಟ್ಟಾಗಿ ಕಾಣಿಸಿದವು. ಅದು ಎಲ್ಲಿಂದ ಬಂತು, ಹೇಗೆ ಕವಲಾಯಿತು ಎಂದು ಕೂತು ಓದಿದರು. ಒಂದು ಕ್ಷಣದಲ್ಲಿ ಮುಗಿದುಹೋದದ್ದನ್ನು ಓದಲು ಅವರಲ್ಲಿ ತಾಳ್ಮೆ ಇತ್ತು.

ಪ್ರಯೋಗಾಲಯದಲ್ಲಿ ಸಿಡಿಲು

ಮುಂದಿನ ಹೆಜ್ಜೆ ತಾನೇ ಸಿಡಿಲು ಮಾಡುವುದು. 1922ರ ಮಾರ್ಚ್ ತಿಂಗಳಿನಲ್ಲಿ ಅವರು ತಮ್ಮ ಮಿಂಚಿನ ಯಂತ್ರವನ್ನು ಪತ್ರಿಕೆಯವರಿಗೆ ತೋರಿಸಿದರು. ಅದರ ಉಪಾಯ ಬಹಳ ಸರಳ. ಲೋಹದ ಹಾಳೆ ಅಂಟಿಸಿದ ಗಾಜಿನ ಹಲಗೆಗಳನ್ನು ಸಾಲಾಗಿ ಜೋಡಿಸಿದರೆ ಅವು ವಿದ್ಯುತ್ತನ್ನು ಕೂಡಿಡುತ್ತವೆ. ಇದಕ್ಕೆ ಕಂಡೆನ್ಸರ್ ಎನ್ನುತ್ತಾರೆ. ಹುಂಡಿಯಲ್ಲಿ ದಿನಾ ಒಂದೊಂದು ರೂಪಾಯಿ ಹಾಕಿ ಕೊನೆಗೆ ಒಂದೇ ದಿನ ಒಡೆದು ಎಲ್ಲ ಖರ್ಚು ಮಾಡುವ ಹಾಗೆ, ನಿಧಾನವಾಗಿ ತುಂಬಿದ ವಿದ್ಯುತ್ತನ್ನು ಒಂದೇ ಏಟಿಗೆ ಹೊರಗೆ ಬಿಡುವುದು. ವೋಲ್ಟೇಜ್ 1,20,000. ಹರಿಯುವ ವಿದ್ಯುತ್ 10,000 ಆಂಪೇರ್. ಸಮಯ ಸೆಕೆಂಡಿನ ಒಂದು ಲಕ್ಷದ ಒಂದು ಭಾಗ. ಗುಂಡು ಹಾರಿದಂಥ ಸದ್ದು ಬಂದು, ಎದುರಿಗೆ ಇಟ್ಟ ಮರದ ತುಂಡು ಸೀಳಿ ಚೂರಾಗುತ್ತಿತ್ತು.

ಇದರ ಬಲ ಹತ್ತು ಲಕ್ಷ ಕುದುರೆಶಕ್ತಿಗಿಂತ ಹೆಚ್ಚು ಎಂದು ಪತ್ರಿಕೆಗಳು ಬರೆದವು. ಲೆಕ್ಕ ಸರಿಯೇ. ಆದರೆ ನಾವು ಬಿಲ್ಲು ಕಟ್ಟುವುದು ಬಲಕ್ಕೆ ಮಾತ್ರ ಅಲ್ಲ, ಬಲ ಎಷ್ಟು ಹೊತ್ತು ಇತ್ತು ಎಂಬುದಕ್ಕೆ. ಮೇಲಿನ ಮೂರು ಅಂಕಿಗಳನ್ನು ಗುಣಿಸಿ ನೋಡಿ. 12,000 ಜೂಲ್ ಬರುತ್ತದೆ. ಅಷ್ಟರಲ್ಲಿ ಒಂದು 60 ವಾಟ್ ಬಲ್ಬು ಉರಿಯುವುದು 200 ಸೆಕೆಂಡ್ ಮಾತ್ರ, ಅಂದರೆ ಮೂರೂ ಕಾಲು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಆಕಾಶದ ಒಂದು ಸಿಡಿಲಿನಲ್ಲಿ ಕೂಡ ಒಟ್ಟು ಶಕ್ತಿ ಸುಮಾರು 100 ಕೋಟಿ ಜೂಲ್, ಮೀಟರಿನಲ್ಲಿ ಬರೆದರೆ 280 ಯೂನಿಟ್ ಹತ್ತಿರ. ಸಿಡಿಲು ಭಯಂಕರವಾಗುವುದು ಅಷ್ಟನ್ನೂ ಕ್ಷಣದಲ್ಲಿ, ಒಂದೇ ಜಾಗದಲ್ಲಿ ಖರ್ಚು ಮಾಡುವುದರಿಂದ.

ಈ ಯಂತ್ರದ ಉಪಯೋಗ ತಮಾಷೆ ತೋರಿಸುವುದಲ್ಲ. ತಂತಿಯನ್ನು ಸಿಡಿಲಿನಿಂದ ಕಾಪಾಡುವ ಸಾಧನಕ್ಕೆ ಲೈಟ್ನಿಂಗ್ ಅರೆಸ್ಟರ್ ಎಂದು ಹೆಸರು. ಸಾಮಾನ್ಯ ವೋಲ್ಟೇಜ್ ಇರುವಾಗ ಅದು ಮುಚ್ಚಿದ ಬಾಗಿಲು. ಸಿಡಿಲಿನ ಅಲೆ ಬಂದಾಗ ಮಾತ್ರ ತೆರೆದು ಅದನ್ನು ನೆಲಕ್ಕೆ ಇಳಿಸುತ್ತದೆ, ಆಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಮೊದಲು ಅದು ಕೆಲಸ ಮಾಡುತ್ತದೋ ಇಲ್ಲವೋ ಎಂದು ತಿಳಿಯಲು ಕಂಬಕ್ಕೆ ಕಟ್ಟಿ ಮಳೆಗಾಲಕ್ಕೆ ಕಾಯಬೇಕಿತ್ತು. ಈಗ ಬೇಕಾದಾಗ, ಬೇಕಾದ ಜಾಗಕ್ಕೆ, ಬೇಕಾದಷ್ಟು ಸಲ ಸಿಡಿಲು ಹೊಡೆಸಿ ನೋಡಬಹುದಾಯಿತು.

1922ರ ಅಕ್ಟೋಬರಿನಲ್ಲಿ ಥಾಮಸ್ ಎಡಿಸನ್ ಇದನ್ನು ನೋಡಲು ಸ್ಕೆನೆಕ್ಟಡಿಗೆ ಬಂದರು. ಎಡಿಸನ್‌ಗೆ ಆಗ ಕಿವಿ ಕೇಳುತ್ತಿರಲಿಲ್ಲ ಎನ್ನುವಷ್ಟು ಕಡಿಮೆ. ಹಾಗಾಗಿ ಸ್ಟೈನ್‌ಮೆಟ್ಜ್ ಅವರ ಮೊಣಕಾಲ ಮೇಲೆ ಬೆರಳಿನಿಂದ ತಟ್ಟಿ, ತಂತಿ ಸಂದೇಶದ ಮೋರ್ಸ್ ಸಂಕೇತದಲ್ಲಿ ಮಾತನಾಡಿದರು ಎಂದು ಹೇಳುತ್ತಾರೆ. ದೇಹದ ಒಂದು ಬಾಗಿಲು ಮುಚ್ಚಿದ್ದರೆ ಇನ್ನೊಂದನ್ನು ತಟ್ಟಬೇಕು ಎಂದು ಗೊತ್ತಿದ್ದವರು ಅವರು.

ಮರು ವರ್ಷ ಕುಟುಂಬದ ಜೊತೆ ಅಮೆರಿಕದ ಪಶ್ಚಿಮ ಭಾಗಕ್ಕೆ ದೊಡ್ಡ ಪ್ರವಾಸ ಹೋಗಿ ಬಂದರು. ಬಂದ ಮೇಲೆ ಬಹಳ ದಣಿದಿದ್ದರು. 1923ರ ಅಕ್ಟೋಬರ್ 26ರಂದು ಸ್ಕೆನೆಕ್ಟಡಿಯ ಮನೆಯಲ್ಲಿಯೇ ತೀರಿಕೊಂಡರು. ಆಗ ಅವರಿಗೆ 58 ವರ್ಷ.

ಅವರ ನಂತರ

ಸ್ಟೈನ್‌ಮೆಟ್ಜ್ ಮಾಡಿದ್ದು ಪ್ರಯೋಗಾಲಯದ ಸಿಡಿಲು. ಆಕಾಶದ ಸಿಡಿಲು ಹೇಗೆ ಸಾಗುತ್ತದೆ ಎಂಬುದನ್ನು 1930ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಬೇಸಿಲ್ ಶೋನ್‌ಲ್ಯಾಂಡ್ ಮತ್ತು ಅವರ ಜೊತೆಗಾರರು ವಿಶೇಷ ಕ್ಯಾಮೆರಾದಿಂದ ತೋರಿಸಿದರು. ಮೋಡದಿಂದ ಸಿಡಿಲು ಒಂದೇ ಸಲ ಇಳಿಯುವುದಿಲ್ಲ. ಸುಮಾರು 50 ಮೀಟರಿನ ಒಂದೊಂದು ಹೆಜ್ಜೆ ಇಟ್ಟು, ಕ್ಷಣ ನಿಂತು, ಕವಲೊಡೆಯುತ್ತಾ ಕೆಳಗೆ ಬರುತ್ತದೆ. ಇದು ನಮ್ಮ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ನೆಲದ ಜೊತೆ ಸಂಬಂಧ ಆದ ಕೂಡಲೇ ಅದೇ ದಾರಿಯಲ್ಲಿ ಕೆಳಗಿನಿಂದ ಮೇಲಕ್ಕೆ ಪ್ರಖರ ಬೆಳಕು ಏರುತ್ತದೆ. ನಾವು ನೋಡಿ ಬೆಚ್ಚುವ ಮಿಂಚು ಅದು.

1960ರ ದಶಕದ ಆರಂಭದಲ್ಲಿ ಫ್ಲಾರಿಡಾದ ಸಮುದ್ರದಲ್ಲಿ ಒಂದು ಹಡಗಿನಿಂದ ಗುಡುಗು ಮೋಡದ ಕಡೆಗೆ ಸಣ್ಣ ರಾಕೆಟ್ ಹಾರಿಸಿದರು. ರಾಕೆಟ್ಟಿನ ಬಾಲಕ್ಕೆ ತೆಳ್ಳನೆಯ ತಂತಿ. ಹೀಗೆ ಮೋಡದಿಂದಲೇ ಸಿಡಿಲನ್ನು ಕರೆದು ಇಳಿಸುವ ಕೆಲಸ ಶುರುವಾಯಿತು. ಮುಂದೆ ಫ್ರಾನ್ಸಿನಲ್ಲಿಯೂ, 1993ರಿಂದ ಫ್ಲಾರಿಡಾದ ಕ್ಯಾಂಪ್ ಬ್ಲಾಂಡಿಂಗ್‌ನಲ್ಲಿಯೂ ವಿಜ್ಞಾನಿಗಳು ಇದನ್ನು ನಡೆಸಿದರು. ಮೋಡ ತುಂಬಿದಾಗ ರಾಕೆಟ್ ಬಿಡುತ್ತಾರೆ. ತಂತಿಯ ಇನ್ನೊಂದು ತುದಿ ನೆಲದಲ್ಲಿರುತ್ತದೆ. ರಾಕೆಟ್ 200ರಿಂದ 300 ಮೀಟರ್ ಏರಿದಾಗ ತಂತಿಯ ತುದಿಯಿಂದ ಒಂದು ಕಿಡಿಯ ದಾರಿ ಮೋಡದ ಕಡೆಗೆ ಬೆಳೆಯುತ್ತದೆ. ಹರಿಯುವ ವಿದ್ಯುತ್ತಿಗೆ ತಂತಿ ಆವಿಯಾಗಿ ಹೋಗುತ್ತದೆ, ಆದರೆ ಅದು ಇದ್ದ ದಾರಿ ಬಿಸಿಯಾಗಿ ಉಳಿಯುತ್ತದೆ. ಬಹಳ ಸಲ ಅದೇ ದಾರಿಯಲ್ಲಿ ಮೋಡದಿಂದ ಒಂದರ ಹಿಂದೆ ಒಂದು ಸಿಡಿಲು ನೆಲಕ್ಕೆ ಇಳಿಯುತ್ತದೆ. ಅಳೆಯುವ ಉಪಕರಣಗಳು, ವೇಗದ ಕ್ಯಾಮೆರಾಗಳು ಅಲ್ಲಿ ಮೊದಲೇ ಸಿದ್ಧವಾಗಿರುತ್ತವೆ. 2021ರಲ್ಲಿ ಸ್ವಿಟ್ಜರ್ಲೆಂಡಿನ ಸೆಂಟಿಸ್ ಪರ್ವತದ ಮೇಲೆ ತಂತಿಯೂ ಇಲ್ಲದೆ ಲೇಸರ್ ಕಿರಣದಿಂದ ಸಿಡಿಲಿಗೆ ಸುಮಾರು 50 ಮೀಟರ್ ತನಕ ದಾರಿ ತೋರಿಸಿದರು.

ಇಷ್ಟೆಲ್ಲ ಮಾಡುವುದು ಯಾಕೆ? ಸಿಡಿಲು ಎಲ್ಲಿ, ಯಾವಾಗ ಎಂದು ಮೊದಲೇ ಗೊತ್ತಿದ್ದರೆ ಅದನ್ನು ಅಳೆಯಬಹುದು. ಅಳೆದದ್ದರಿಂದ ತಂತಿಯನ್ನೂ ಮನೆಯನ್ನೂ ವಿಮಾನವನ್ನೂ ಕಾಪಾಡಬಹುದು. ಸ್ಟೈನ್‌ಮೆಟ್ಜ್ ಒಡೆದ ಕನ್ನಡಿಯ ಚೂರುಗಳಲ್ಲಿ ಹುಡುಕಿದ್ದೂ ಅದನ್ನೇ. ಸೀಮೆಸುಣ್ಣದ ಕಥೆಯ ಬಿಲ್ಲಿನಲ್ಲಿ ಬೆಲೆ ಇದ್ದದ್ದೂ ಅದಕ್ಕೇ.

ಬಂದರಿನ ಅಧಿಕಾರಿಗಳೂ 1889ರಲ್ಲಿ ಒಂದು ಲೆಕ್ಕ ಹಾಕಿದ್ದರು. ಅವರು ನೋಡಿದ್ದು ಎತ್ತರ, ಬೆನ್ನು, ಖಾಲಿ ಜೇಬು. ಆ ಒಬ್ಬ ಗೆಳೆಯ ಮಾತ್ರ ಬೇರೆ ಜಾಗದಲ್ಲಿ ನೋಡಿದ. ನಮ್ಮ ತರಗತಿಯಲ್ಲಿಯೂ ಮಾತು ತೊದಲುವವರು, ನಿಧಾನವಾಗಿ ನಡೆಯುವವರು, ಕನ್ನಡವೋ ಇಂಗ್ಲಿಷೋ ಸರಿಯಾಗಿ ಬಾರದೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುವವರು ಇರುತ್ತಾರೆ. ಅವರ ಬಗ್ಗೆ ಲೆಕ್ಕ ಬರೆಯುವ ಮೊದಲು ಆಸ್ಕರ್ ಆಸ್ಮುಸೆನ್ ಎಂಬ ಆ ಗೆಳೆಯನ ಹೆಸರನ್ನು ನೆನಪು ಮಾಡಿಕೊಳ್ಳೋಣ. ಅವನು ಯಾವ ಸೂತ್ರವನ್ನೂ ಕಂಡುಹಿಡಿಯಲಿಲ್ಲ. ಬಾಗಿಲಲ್ಲಿ ನಿಂತಿದ್ದವನ ಪಕ್ಕದಲ್ಲಿ ನಿಂತು, ಇವನ ಜವಾಬ್ದಾರಿ ನನ್ನದು ಎಂದ. ಅಷ್ಟು ಮಾಡಲು ಗಣಿತ ಬರಬೇಕಾಗಿಲ್ಲ.